ಹಿರಿಯರ ಲಸಿಕೆ, ವಿಮೆಯ ಹೊಣೆ: ಅಮೆರಿಕದ ಮೆಡಿಕೇರ್ ನಡೆದುಬಂದ ದಾರಿ

ಅಮೆರಿಕದಲ್ಲಿ ಅರವತ್ತೈದು ದಾಟಿದವರ ಆರೋಗ್ಯ ವಿಮೆ ಎಂದರೆ ಬಹುಮಟ್ಟಿಗೆ ಮೆಡಿಕೇರ್. ಕೇಂದ್ರ ಸರ್ಕಾರದ ಈ ಯೋಜನೆಗೆ ನಾಲ್ಕು ಭಾಗಗಳಿವೆ. ಆಸ್ಪತ್ರೆಗೆ ದಾಖಲಾದಾಗಿನ ಖರ್ಚನ್ನು ಪಾರ್ಟ್ ಎ ನೋಡಿಕೊಳ್ಳುತ್ತದೆ. ವೈದ್ಯರ ಭೇಟಿ, ತಪಾಸಣೆ, ಹೊರರೋಗಿ ಚಿಕಿತ್ಸೆ ಪಾರ್ಟ್ ಬಿಗೆ ಸೇರಿವೆ. ಔಷಧಿಯ ಖರ್ಚು ಪಾರ್ಟ್ ಡಿಗೆ ಸೇರಿದ್ದು, ಅದನ್ನು ಸರ್ಕಾರದ ನಿಯಮಕ್ಕೊಳಪಟ್ಟು ಖಾಸಗಿ ಕಂಪನಿಗಳು ನಡೆಸುತ್ತವೆ. ಇವೆಲ್ಲವನ್ನೂ ಒಂದೇ ಖಾಸಗಿ ಪಾಲಿಸಿಯಲ್ಲಿ ಕೊಡುವ ಮೆಡಿಕೇರ್ ಅಡ್ವಾಂಟೇಜ್‌ಗೆ ಪಾರ್ಟ್ ಸಿ ಎಂಬ ಹೆಸರು. ಲಸಿಕೆಗಳು ಬಿ ಮತ್ತು ಡಿ ನಡುವೆ ಹಂಚಿಹೋಗಿವೆ. ಫ್ಲೂ, ನ್ಯೂಮೊಕಾಕಸ್, ಕೋವಿಡ್ ಮತ್ತು ಹೆಪಟೈಟಿಸ್ ಬಿ ಲಸಿಕೆಗಳು ಪಾರ್ಟ್ ಬಿಯಲ್ಲಿವೆ. ಸರ್ಪಸುತ್ತು, ಆರ್‌ಎಸ್‌ವಿ, ಧನುರ್ವಾಯು–ಡಿಫ್ತೀರಿಯಾ–ನಾಯಿಕೆಮ್ಮಿನ ಕೂಡುಲಸಿಕೆ, ಹೆಪಟೈಟಿಸ್ ಎ, ಟೈಫಾಯ್ಡ್ ಇವೆಲ್ಲ ಪಾರ್ಟ್ ಡಿಯಲ್ಲಿವೆ.

ಈ ಹಂಚಿಕೆಯಲ್ಲಿ ವೈದ್ಯಕೀಯ ತರ್ಕ ಹುಡುಕಿದರೆ ಸಿಗುವುದಿಲ್ಲ. ಫ್ಲೂ ಮತ್ತು ಆರ್‌ಎಸ್‌ವಿ ಎರಡೂ ಉಸಿರಾಟದ ಸೋಂಕುಗಳೇ. ಎರಡೂ ಚಳಿಗಾಲದಲ್ಲೇ ಹೆಚ್ಚುತ್ತವೆ, ಎರಡೂ ಮುದುಕರನ್ನೇ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸುತ್ತವೆ. ಆದರೂ ಒಂದರ ಬಿಲ್ಲು ಬಿಗೆ, ಇನ್ನೊಂದರದು ಡಿಗೆ. ಯಾವ ಲಸಿಕೆ ಯಾವ ವರ್ಷ, ಯಾವ ಕಾನೂನಿನ ಬಾಗಿಲಿನಿಂದ ಒಳಗೆ ಬಂತು ಎನ್ನುವುದೇ ಅದರ ಇಂದಿನ ಸ್ಥಾನವನ್ನು ತೀರ್ಮಾನಿಸಿದೆ. ಆದ್ದರಿಂದ ಇಂದಿನ ನಿಯಮವನ್ನು ಅರಿಯಲು ಅದರ ಇತಿಹಾಸವನ್ನು ನೋಡದೆ ವಿಧಿಯಿಲ್ಲ.

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮಿಸೌರಿಯ ಇಂಡಿಪೆಂಡೆನ್ಸ್ ಊರಿನಲ್ಲಿ, ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಸಮ್ಮುಖದಲ್ಲಿ, ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. ಕಾಯಿಲೆ ಅಥವಾ ಗಾಯವನ್ನು ಪತ್ತೆಹಚ್ಚಲು ಮತ್ತು ಗುಣಪಡಿಸಲು ಬೇಕಾದ ಸೇವೆಗೆ ಮಾತ್ರ ಹಣ ಎಂಬುದು ಆ ಕಾನೂನಿನ ಮೂಲಸೂತ್ರ. ರೋಗ ಬಾರದಂತೆ ಕೊಡುವ ಚುಚ್ಚುಮದ್ದನ್ನು ಅದು ಹೆಸರು ಹೇಳಿಯೇ ಹೊರಗಿಟ್ಟಿತು. ಇದರ ಹಿಂದೆ ವಿಮೆಯ ಹಳೆಯ ನಂಬಿಕೆಯಿತ್ತು: ಊಹಿಸಲಾಗದ ದೊಡ್ಡ ನಷ್ಟಕ್ಕೆ ವಿಮೆ, ಗೊತ್ತಿದ್ದೇ ಬರುವ ಸಣ್ಣ ಖರ್ಚನ್ನು ಮನೆಯವರೇ ಭರಿಸಬೇಕು. ಲಸಿಕೆ ಎಂದರೆ ಮಕ್ಕಳ ವಿಷಯ ಎಂಬ ಭಾವನೆಯೂ ಆ ದಶಕದಲ್ಲಿ ಬಲವಾಗಿತ್ತು. ಪೋಲಿಯೊ, ದಡಾರ ಲಸಿಕೆಗಳು ಆಗಷ್ಟೇ ಬಂದಿದ್ದವು. ವಯಸ್ಸಾದವರ ದೇಹದ ರೋಗನಿರೋಧಕ ಶಕ್ತಿ ಕುಂದುವುದು, ಅವರಿಗೆ ಬೇರೆಯೇ ಲಸಿಕೆ ಬೇಕಾಗುವುದು ವೈದ್ಯರಿಗೆ ತಿಳಿದಿದ್ದರೂ ಕಾನೂನು ಬರೆದವರ ಗಮನಕ್ಕೆ ಬಂದಿರಲಿಲ್ಲ.

ಈ ಗೋಡೆಯಲ್ಲಿ ಮೊದಲ ಬಿರುಕು ಮೂಡಿಸಿದ್ದು ನ್ಯುಮೋನಿಯಾ ತರುವ ನ್ಯೂಮೊಕಾಕಸ್ ಬ್ಯಾಕ್ಟೀರಿಯ. ಪೆನಿಸಿಲಿನ್ ಬಂದ ಮೇಲೆ ನ್ಯುಮೋನಿಯಾದ ಭಯ ಮುಗಿಯಿತು ಎಂದು ವೈದ್ಯಲೋಕ ನಂಬಿಕೊಂಡಿದ್ದ ಕಾಲದಲ್ಲಿ ರಾಬರ್ಟ್ ಆಸ್ಟ್ರಿಯನ್ ಎಂಬ ವೈದ್ಯರು ಆ ನಂಬಿಕೆಯನ್ನು ಪ್ರಶ್ನಿಸಿದರು. ಈ ಬ್ಯಾಕ್ಟೀರಿಯ ರಕ್ತಕ್ಕೆ ಸೇರಿದರೆ, ಔಷಧಿ ಕೊಟ್ಟರೂ ಮೊದಲ ಕೆಲವೇ ದಿನಗಳಲ್ಲಿ ಬಹಳ ಮಂದಿ ಸಾಯುತ್ತಾರೆಂದು ಅವರು ಆಸ್ಪತ್ರೆಯ ದಾಖಲೆಗಳಿಂದಲೇ ತೋರಿಸಿದರು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಅವರು ನಡೆಸಿದ ಪರೀಕ್ಷೆಗಳ ಫಲವಾಗಿ 1977ರಲ್ಲಿ ಲಸಿಕೆಗೆ ಪರವಾನಗಿ ಸಿಕ್ಕಿತು. ಅಮೆರಿಕದ ಸಂಸತ್ತಿನ ತಂತ್ರಜ್ಞಾನ ಪರಿಶೀಲನಾ ಕಚೇರಿ 1979ರಲ್ಲಿ ಈ ಲಸಿಕೆಯ ಖರ್ಚು-ಲಾಭದ ಲೆಕ್ಕ ಹಾಕಿತು. ಮರುವರ್ಷ ಸಂಸತ್ತು ಕಾನೂನಿಗೆ ತಿದ್ದುಪಡಿ ತಂದು, 1981ರ ಜುಲೈ 1ರಿಂದ ಇದೊಂದು ಲಸಿಕೆಯನ್ನು ಪಾರ್ಟ್ ಬಿಗೆ ಸೇರಿಸಿತು. ರೋಗ ತಡೆಯುವ ಸೇವೆಯೊಂದಕ್ಕೆ ಮೆಡಿಕೇರ್ ಹಣ ಕೊಟ್ಟದ್ದು ಅದೇ ಮೊದಲು.

ಆದರೆ ಲಸಿಕೆಗಳನ್ನೆಲ್ಲ ಒಳಗೊಳ್ಳುವ ಸಾಮಾನ್ಯ ನಿಯಮವೊಂದು ಆಗಲೇ ಬರಬಹುದಿತ್ತು, ಬರಲಿಲ್ಲ. ಒಂದೊಂದು ಲಸಿಕೆಗೂ ಒಂದೊಂದು ತಿದ್ದುಪಡಿ ಎಂಬ ಪದ್ಧತಿ ಬೇರೂರಿತು. 1984ರಲ್ಲಿ ಹೆಪಟೈಟಿಸ್ ಬಿ ಸೇರಿತು. ಅದೂ ಎಲ್ಲರಿಗಲ್ಲ, ಡಯಾಲಿಸಿಸ್ ಮಾಡಿಸಿಕೊಳ್ಳುವವರಂಥ ಹೆಚ್ಚಿನ ಅಪಾಯದವರಿಗೆ ಮಾತ್ರ. ಫ್ಲೂ ಲಸಿಕೆಯಂಥ ಸರಳ, ಅಗ್ಗದ ವಸ್ತುವಿಗೂ ಪರೀಕ್ಷೆ ತಪ್ಪಲಿಲ್ಲ. 1988ರಿಂದ ನಾಲ್ಕು ವರ್ಷ ಪ್ರಾಯೋಗಿಕ ಯೋಜನೆ ನಡೆಸಿ, ಖರ್ಚಿಗೆ ತಕ್ಕ ಫಲವಿದೆಯೇ ಎಂದು ಅಳೆದ ನಂತರ, 1993ರ ಮೇ 1ರಿಂದ ಅದನ್ನು ಪಾರ್ಟ್ ಬಿಗೆ ತರಲಾಯಿತು. ಕೋವಿಡ್ ಲಸಿಕೆಯ ವಿಷಯದಲ್ಲಿ ಮಾತ್ರ ಸಂಸತ್ತು ಮುಂಚೆಯೇ ಎಚ್ಚೆತ್ತುಕೊಂಡಿತು. ಲಸಿಕೆ ಇನ್ನೂ ಪರೀಕ್ಷೆಯ ಹಂತದಲ್ಲಿರುವಾಗಲೇ, 2020ರ ಮಾರ್ಚ್‌ನ ಕಾನೂನಿನಲ್ಲಿ, ಅದಕ್ಕೆ ಪಾರ್ಟ್ ಬಿಯಲ್ಲಿ ಜಾಗ ಕಾದಿರಿಸಿತು.

ಪಾರ್ಟ್ ಬಿಯ ದಾರಿ ಹಿರಿಯರಿಗೆ ಸುಗಮವಾದದ್ದು. ಮೆಡಿಕೇರ್ ನಿಗದಿಪಡಿಸಿದ ದರಕ್ಕೆ ಒಪ್ಪಿದ ವೈದ್ಯರಲ್ಲಿ ಅಥವಾ ಫಾರ್ಮಸಿಯಲ್ಲಿ ಲಸಿಕೆಗೂ ಅದನ್ನು ಚುಚ್ಚುವ ಕೆಲಸಕ್ಕೂ ಕೈಯಿಂದ ಕೊಡಬೇಕಾದದ್ದು ಏನೂ ಇಲ್ಲ. ಫ್ಲೂ, ನ್ಯೂಮೊಕಾಕಸ್ ಲಸಿಕೆಗೆ ಮೆಡಿಕೇರ್ ವೈದ್ಯರ ಚೀಟಿಯನ್ನೂ ಕೇಳುವುದಿಲ್ಲ. ಚರ್ಚಿನ ಸಭಾಂಗಣದಲ್ಲೋ ಹಿರಿಯರ ವಸತಿಯಲ್ಲೋ ಶಿಬಿರ ನಡೆದರೆ, ಬಂದವರ ಹೆಸರಿನ ಒಂದೇ ಪಟ್ಟಿ ಕಳುಹಿಸಿ ಎಲ್ಲರ ಹಣವನ್ನೂ ಪಡೆಯುವ ಸೌಲಭ್ಯವಿದೆ. ಹೆಪಟೈಟಿಸ್ ಬಿಯ ಹಳೆಯ ಕಟ್ಟುಪಾಡು ಕೂಡ 2025ರ ಜನವರಿಯಿಂದ ಸಡಿಲಗೊಂಡಿದೆ. ಈ ಲಸಿಕೆಯ ಎಲ್ಲ ಡೋಸ್‌ಗಳನ್ನು ಹಿಂದೆ ಪೂರೈಸದವರು, ಪೂರೈಸಿದ್ದು ನೆನಪಿಲ್ಲದವರು ಎಲ್ಲರೂ ಈಗ ಅರ್ಹರು.

ಪಾರ್ಟ್ ಡಿಯ ಕತೆ ಬೇರೆ. ಮಾತ್ರೆ-ಔಷಧಿಗಳಿಗೆಂದೇ 2003ರ ಕಾನೂನಿನಲ್ಲಿ ಹುಟ್ಟಿ 2006ರ ಜನವರಿ 1ರಂದು ಜಾರಿಗೆ ಬಂದ ಈ ಭಾಗಕ್ಕೆ, ಪಾರ್ಟ್ ಬಿಯಲ್ಲಿಲ್ಲದ ಲಸಿಕೆಗಳನ್ನೆಲ್ಲ ಒಟ್ಟಾರೆ ವಹಿಸಿಕೊಡಲಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಸರ್ಪಸುತ್ತಿನ ಮೊದಲ ಲಸಿಕೆ ಜೋಸ್ಟಾವ್ಯಾಕ್ಸ್‌ಗೆ ಪರವಾನಗಿ ದೊರೆಯಿತು. ಹೀಗೆ ವಯಸ್ಸಾದವರಿಗೆಂದೇ ತಯಾರಾದ ಲಸಿಕೆ ವೈದ್ಯರ ಸೇವೆಯ ಪಟ್ಟಿಗೆ ಸೇರುವ ಬದಲು ಮಾತ್ರೆಗಳ ಪಟ್ಟಿಗೆ ಸೇರಿತು.

ಸರ್ಪಸುತ್ತಿನ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ವಿಮೆಯ ಗೋಜಲೆಲ್ಲ ಇದೊಂದರಲ್ಲೇ ಕಾಣುತ್ತದೆ. ಬಾಲ್ಯದಲ್ಲಿ ಸಿಡುಬಿನಂತೆ ಗುಳ್ಳೆಯೆಬ್ಬಿಸಿ ಹೋದ ಚಿಕನ್‌ಪಾಕ್ಸ್‌ನ ವೈರಸ್ಸು ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಸುಮ್ಮನೆ ಇರುತ್ತದೆ. ವಯಸ್ಸಾಗಿ ರೋಗನಿರೋಧಕ ಶಕ್ತಿ ತಗ್ಗಿದಾಗ ಒಂದು ನರದ ಗುಂಟ ಕೆಳಗಿಳಿದು, ಎದೆಯ ಅಥವಾ ಸೊಂಟದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಉರಿಗುಳ್ಳೆಗಳನ್ನು ಎಬ್ಬಿಸುತ್ತದೆ. ಗುಳ್ಳೆ ಒಣಗಿದ ಮೇಲೂ ನರದ ನೋವು ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಅಂಗಿಯ ಬಟ್ಟೆ ತಾಗಿದರೂ ತಡೆಯಲಾಗದ ನೋವು ಅದು. ಅಮೆರಿಕದಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆ ಸರ್ಪಸುತ್ತು ಬರುತ್ತದೆ. 2017ರ ಅಕ್ಟೋಬರ್‌ನಲ್ಲಿ ಪರವಾನಗಿ ಪಡೆದ ಶಿಂಗ್ರಿಕ್ಸ್, ಎರಡು ಡೋಸ್‌ಗಳಲ್ಲಿ, ಎಪ್ಪತ್ತು ದಾಟಿದವರಲ್ಲೂ ಇದನ್ನು ಶೇಕಡ 90ರಷ್ಟು ತಡೆಯುತ್ತದೆಂದು ಪರೀಕ್ಷೆಗಳಲ್ಲಿ ಸಿದ್ಧವಾಯಿತು. ಹಿರಿಯರ ಲಸಿಕೆಗಳಲ್ಲಿ ಇಷ್ಟು ಪರಿಣಾಮಕಾರಿಯಾದದ್ದು ಅಪರೂಪ. ಹಳೆಯ ಜೋಸ್ಟಾವ್ಯಾಕ್ಸ್ 2020ರ ಕೊನೆಗೆ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು.

ಇಂಥ ಲಸಿಕೆಯ ದಾರಿಗೆ ಎರಡು ಅಡ್ಡಿಗಳಿದ್ದವು. ಮೊದಲನೆಯದು ಹಣ. ಪಾರ್ಟ್ ಡಿ ಪಾಲಿಸಿಗಳು ಲಸಿಕೆಯನ್ನು ಪಟ್ಟಿಯಲ್ಲಿಟ್ಟುಕೊಂಡಿದ್ದರೂ ಬೆಲೆಯ ಒಂದು ಪಾಲನ್ನು ಗ್ರಾಹಕರೇ ಕಟ್ಟಬೇಕಿತ್ತು, ಆ ಪಾಲು ಪಾಲಿಸಿಯಿಂದ ಪಾಲಿಸಿಗೆ ಬದಲಾಗುತ್ತಿತ್ತು. ಖಾಸಗಿ ವಿಮೆಯ ಕಡೆ ಹೀಗಿರಲಿಲ್ಲ. 2010ರ ಅಫೋರ್ಡಬಲ್ ಕೇರ್ ಆ್ಯಕ್ಟ್, ಸರ್ಕಾರದ ಲಸಿಕಾ ಸಲಹಾ ಸಮಿತಿ ಶಿಫಾರಸು ಮಾಡಿದ ಲಸಿಕೆಗಳನ್ನು ಪುಕ್ಕಟೆಯಾಗಿ ಕೊಡಲೇಬೇಕೆಂದು ಖಾಸಗಿ ಪಾಲಿಸಿಗಳಿಗೆ ಕಟ್ಟಳೆ ಮಾಡಿತ್ತು. ಆ ಸಮಿತಿ ಶಿಂಗ್ರಿಕ್ಸ್ ಅನ್ನು ಐವತ್ತು ದಾಟಿದವರಿಗೆಲ್ಲ ಶಿಫಾರಸು ಮಾಡಿತ್ತು. ಪರಿಣಾಮ ವಿಚಿತ್ರವಾಗಿತ್ತು. 2019ರಲ್ಲಿ ಅರವತ್ನಾಲ್ಕರ ನೌಕರನೊಬ್ಬ ಕಂಪನಿಯ ವಿಮೆಯಲ್ಲಿ ಈ ಲಸಿಕೆಯನ್ನು ಒಂದು ಪೈಸೆಯಿಲ್ಲದೆ ಹಾಕಿಸಿಕೊಳ್ಳಬಹುದಿತ್ತು. ಮರುವರ್ಷ ನಿವೃತ್ತನಾಗಿ ಮೆಡಿಕೇರ್‌ಗೆ ಸೇರಿದೊಡನೆ ಅದೇ ಲಸಿಕೆಗೆ ಜೇಬಿನಿಂದ ತೆರಬೇಕಾಗುತ್ತಿತ್ತು. ಅಪಾಯ ಏರುವ ವಯಸ್ಸಿನಲ್ಲೇ ರಕ್ಷಣೆ ದುಬಾರಿಯಾಯಿತು. ಸಂಬಳ ನಿಂತು ಪಿಂಚಣಿ ಶುರುವಾಗುವ ವಯಸ್ಸೂ ಅದೇ. ಯಾರೂ ಬೇಕೆಂದು ಮಾಡಿದ ಅನ್ಯಾಯ ಇದಲ್ಲದಿರಬಹುದು, ಅನ್ಯಾಯವಂತೂ ಹೌದು.

ಎರಡನೆಯ ಅಡ್ಡಿ ಬಿಲ್ಲಿನದು. ಪಾರ್ಟ್ ಡಿಯ ಲೆಕ್ಕವೆಲ್ಲ ಫಾರ್ಮಸಿಯ ಕಂಪ್ಯೂಟರಿಗೆ ಹೊಂದುವಂತೆ ಕಟ್ಟಿದ್ದು. ಅಲ್ಲಿ ಕಾರ್ಡಿನ ಸಂಖ್ಯೆ ಒತ್ತಿದ ಕ್ಷಣದಲ್ಲೇ ಗ್ರಾಹಕರು ಎಷ್ಟು ಕೊಡಬೇಕೆಂದು ತೆರೆಯ ಮೇಲೆ ಮೂಡುತ್ತದೆ. ವೈದ್ಯರ ಕ್ಲಿನಿಕ್ಕಿನಲ್ಲಿ ಸಾಮಾನ್ಯವಾಗಿ ಆ ಸಂಪರ್ಕ ಇರುವುದಿಲ್ಲ. ಹಾಗಾಗಿ ಕ್ಲಿನಿಕ್ಕಿನಲ್ಲಿ ಹಾಕಿಸಿಕೊಂಡವರು ಪೂರ್ತಿ ಬೆಲೆ ಕೊಟ್ಟು, ರಶೀದಿ ಲಗತ್ತಿಸಿ ಕಂಪನಿಗೆ ಅರ್ಜಿ ಹಾಕಿ, ಹಣ ವಾಪಸು ಬರುವುದನ್ನು ಕಾಯಬೇಕಿತ್ತು. ಚುಚ್ಚುವ ಶುಲ್ಕ ಕೂಡ ಪಾರ್ಟ್ ಡಿಗೆ ಸೇರಿದ್ದು 2008ರಿಂದ. ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2011ರ ವರದಿಯಲ್ಲಿ ಈ ತೊಡಕುಗಳನ್ನು ದಾಖಲಿಸಿತು. ಮೆಡಿಕೇರ್ ಬಗ್ಗೆ ಸಂಸತ್ತಿಗೆ ಸಲಹೆ ನೀಡುವ ಸ್ವತಂತ್ರ ಆಯೋಗ 2007ರಲ್ಲೂ ಮತ್ತೆ 2021ರ ಜೂನ್‌ನಲ್ಲೂ ಒಂದೇ ಮಾತು ಹೇಳಿತು: ರೋಗ ತಡೆಯುವ ಲಸಿಕೆಗಳನ್ನೆಲ್ಲ ಪಾರ್ಟ್ ಬಿಗೇ ತನ್ನಿ. ಆ ಸಲಹೆ ಇಂದಿಗೂ ಜಾರಿಯಾಗಿಲ್ಲ.

ಜಾರಿಯಾದದ್ದು ಅರ್ಧ ದಾರಿಯ ಪರಿಹಾರ. ಆದರೂ ಅದರ ಫಲ ದೊಡ್ಡದು. 2022ರ ಆಗಸ್ಟ್ 16ರಂದು ಸಹಿಯಾದ ಇನ್‌ಫ್ಲೇಶನ್ ರಿಡಕ್ಷನ್ ಆ್ಯಕ್ಟ್, ಲಸಿಕೆಗಳನ್ನು ಪಾರ್ಟ್ ಡಿಯಲ್ಲೇ ಉಳಿಸಿ, ಗ್ರಾಹಕರ ಪಾಲನ್ನು ತೆಗೆದುಹಾಕಿತು. 2023ರ ಜನವರಿ 1ರಿಂದ, ಸಲಹಾ ಸಮಿತಿ ವಯಸ್ಕರಿಗೆ ಶಿಫಾರಸು ಮಾಡಿದ ಯಾವ ಲಸಿಕೆಗೂ ಪಾರ್ಟ್ ಡಿ ಪಾಲಿಸಿದಾರರು ಹಣ ಕೊಡಬೇಕಿಲ್ಲ. ವಾರ್ಷಿಕ ಡಿಡಕ್ಟಿಬಲ್ (ವಿಮೆ ಹಣ ಕೊಡತೊಡಗುವ ಮುನ್ನ ಗ್ರಾಹಕರೇ ಭರಿಸಬೇಕಾದ ಮೊತ್ತ) ಮುಗಿದಿರಲಿ, ಬಿಡಲಿ. 2021ರಲ್ಲಿ ಪಾರ್ಟ್ ಡಿ ಮೂಲಕ ಲಸಿಕೆ ಪಡೆದವರು ಸುಮಾರು 34 ಲಕ್ಷ ಮಂದಿ. ಅವರು ಸ್ವಂತವಾಗಿ ತೆತ್ತದ್ದು 23.4 ಕೋಟಿ ಡಾಲರ್. ಪುಕ್ಕಟೆಯಾದ ಮೊದಲ ವರ್ಷ, 2023ರಲ್ಲಿ, ಲಸಿಕೆ ಪಡೆದವರ ಸಂಖ್ಯೆ ಒಂದು ಕೋಟಿ ದಾಟಿತು. ಈ ಏರಿಕೆಯ ಒಂದು ಭಾಗ ಆ ವರ್ಷವಷ್ಟೇ ಬಂದ ಆರ್‌ಎಸ್‌ವಿ ಲಸಿಕೆಗೆ ಸಲ್ಲಬೇಕಾದರೂ, ಕೌಂಟರಿನ ಮುಂದೆ ನಿಂತ ಹಿರಿಯರ ನಿರ್ಧಾರದಲ್ಲಿ ಹಣದ ಪಾತ್ರ ಎಷ್ಟಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಬಡವರ ವಿಮೆಯಾದ ಮೆಡಿಕೇಡ್‌ನಲ್ಲಿರುವ ವಯಸ್ಕರಿಗೂ ಇದೇ ಕಾನೂನು ಅದೇ ವರ್ಷದ ಅಕ್ಟೋಬರ್ 1ರಿಂದ ಈ ಸೌಲಭ್ಯವನ್ನು ವಿಸ್ತರಿಸಿತು.

ಎರಡು ಭಾಗಗಳ ಗಡಿ ಮಾತ್ರ ಹಾಗೇ ಉಳಿದಿದೆ, ಅದರ ವಿಚಿತ್ರಗಳೂ ಉಳಿದಿವೆ. ಹಿತ್ತಲಲ್ಲಿ ಕೆಲಸ ಮಾಡುವಾಗ ತುಕ್ಕುಹಿಡಿದ ಮೊಳೆ ಅಂಗಾಲಿಗೆ ಹೊಕ್ಕ ಹಿರಿಯರೊಬ್ಬರಿಗೆ ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟರೆ ಅದು ಗಾಯದ ಚಿಕಿತ್ಸೆ. ಆದ್ದರಿಂದ ಪಾರ್ಟ್ ಬಿ. ಇಲ್ಲಿ ಲಸಿಕೆಗಿರುವ ವಿನಾಯಿತಿ ಅನ್ವಯಿಸದು. ವಾರ್ಷಿಕ ಡಿಡಕ್ಟಿಬಲ್ ಮೊತ್ತ (2025ರಲ್ಲಿ 257 ಡಾಲರ್) ಮುಗಿದ ನಂತರವೂ ಶೇಕಡ 20ರಷ್ಟನ್ನು ಅವರೇ ಕೊಡಬೇಕು. ಅದೇ ವ್ಯಕ್ತಿ ಮೊಳೆ ತುಳಿಯುವ ಹಿಂದಿನ ವಾರ ಫಾರ್ಮಸಿಗೆ ಹೋಗಿ, ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕಾದ ಬೂಸ್ಟರ್ ಎಂದು ಅದೇ ಚುಚ್ಚುಮದ್ದನ್ನು ಕೇಳಿದ್ದರೆ ಪಾರ್ಟ್ ಡಿಯಲ್ಲಿ ಪೂರ್ತಿ ಪುಕ್ಕಟೆ. ಸೀಸೆಯೊಳಗಿನ ಮದ್ದು ಎರಡು ಸಲವೂ ಒಂದೇ.

ಕೌಂಟರಿನಲ್ಲಿ ತೋರಿಸಬೇಕಾದ ಕಾರ್ಡೂ ಬೇರೆ ಬೇರೆ. ಮೂಲ ಮೆಡಿಕೇರ್‌ನಲ್ಲಿರುವವರು ಫ್ಲೂ ಲಸಿಕೆಗೆ ಕೆಂಪು-ಬಿಳಿ-ನೀಲಿ ಬಣ್ಣದ ಸರ್ಕಾರಿ ಕಾರ್ಡು ಕೊಡಬೇಕು. ಸರ್ಪಸುತ್ತಿನ ಲಸಿಕೆಗೆ ಔಷಧಿ ಪಾಲಿಸಿಯ ಕಂಪನಿ ಕೊಟ್ಟ ಕಾರ್ಡು ಬೇಕು. ಸರ್ಕಾರಿ ಕಾರ್ಡೊಂದನ್ನೇ ಹಿಡಿದು ಬಂದವರಿಗೆ ಫಾರ್ಮಸಿಯಲ್ಲಿ ಪೂರ್ತಿ ಬೆಲೆ ಹೇಳಿದರೆ, ವಿಮೆಯಿಲ್ಲ ಎಂದು ಭಾವಿಸಿ ಮರಳಿ ಹೋಗುವುದು ಸುಲಭ. ಮೆಡಿಕೇರ್ ಅಡ್ವಾಂಟೇಜ್‌ನಲ್ಲಿ ಸಾಮಾನ್ಯವಾಗಿ ಎರಡಕ್ಕೂ ಒಂದೇ ಕಾರ್ಡು ಸಾಕು. ಆದರೆ ಅಲ್ಲಿ ಕಂಪನಿಯ ಜಾಲಕ್ಕೆ ಸೇರಿದ ವೈದ್ಯರು, ಫಾರ್ಮಸಿಗಳನ್ನೇ ಆರಿಸಿಕೊಳ್ಳಬೇಕು. ಪಾರ್ಟ್ ಡಿ ಲಸಿಕೆಯನ್ನು ಕ್ಲಿನಿಕ್ಕಿನ ಬದಲು ಜಾಲದ ಫಾರ್ಮಸಿಯಲ್ಲಿ ಹಾಕಿಸಿಕೊಳ್ಳುವುದೇ ಎಲ್ಲರಿಗೂ ಸಲೀಸು; ಮುಂಗಡ ಹಣ, ರಶೀದಿ, ಅರ್ಜಿ ಯಾವುದರ ಗೊಡವೆಯೂ ಇರುವುದಿಲ್ಲ.

ಈ ವ್ಯವಸ್ಥೆಯಿಂದ ಹೊರಗುಳಿಯುವವರೂ ಇದ್ದಾರೆ. ಪಾರ್ಟ್ ಡಿ ಕಡ್ಡಾಯವಲ್ಲ. ಮೆಡಿಕೇರ್‌ನಲ್ಲಿರುವ ಐವರಲ್ಲಿ ಸುಮಾರು ನಾಲ್ವರು ಅದನ್ನು ಹೊಂದಿದ್ದಾರೆ. ಉಳಿದವರಲ್ಲಿ ಕೆಲವರಿಗೆ ಹಳೆಯ ಕಂಪನಿಯ ನಿವೃತ್ತಿ ವಿಮೆಯಿದೆ, ಮಾಜಿ ಸೈನಿಕರಿಗೆ ಅವರ ಇಲಾಖೆಯ ಆಸ್ಪತ್ರೆಗಳಿವೆ; ಇನ್ನು ಕೆಲವರಿಗೆ ಏನೂ ಇಲ್ಲ. ಮೆಡಿಗ್ಯಾಪ್ ಎಂಬ ಪೂರಕ ಪಾಲಿಸಿ ಕೊಂಡವರು ಅದರಲ್ಲೇ ಎಲ್ಲವೂ ಬರುತ್ತದೆಂದು ನಂಬುವುದುಂಟು. ಮೆಡಿಗ್ಯಾಪ್ ತುಂಬುವುದು ಎ ಮತ್ತು ಬಿ ಬಿಟ್ಟ ಜಾಗವನ್ನು. ಪಾರ್ಟ್ ಡಿ ಲಸಿಕೆಗಳಿಗೂ ಅದಕ್ಕೂ ಸಂಬಂಧವಿಲ್ಲ. ಬೇರೆ ತಕ್ಕ ಔಷಧಿ ವಿಮೆಯಿಲ್ಲದೆ, ಅರ್ಹರಾದಾಗ ಪಾರ್ಟ್ ಡಿಗೆ ಸೇರದೆ ತಡವಾಗಿ ಸೇರಿದರೆ ಪ್ರೀಮಿಯಂ ಮೇಲೆ ದಂಡವೂ ಬೀಳುತ್ತದೆ, ಆ ದಂಡ ಮುಂದೆ ಸದಾ ಬೆನ್ನಿಗಿರುತ್ತದೆ.

ಪುಕ್ಕಟೆ ಲಸಿಕೆಯ ಹಕ್ಕು ನಿಂತಿರುವ ನೆಲ ಯಾವುದೆಂದೂ ನೋಡಬೇಕು. ಖಾಸಗಿ ವಿಮೆಯ ನಿಯಮವೂ ಪಾರ್ಟ್ ಡಿಯ ನಿಯಮವೂ ಒಂದೇ ಸಂಸ್ಥೆಯ ಮಾತನ್ನು ಆಧರಿಸಿವೆ: 1964ರಲ್ಲಿ ಸ್ಥಾಪನೆಯಾದ, ರೋಗ ನಿಯಂತ್ರಣ ಕೇಂದ್ರದ ಲಸಿಕಾ ಸಲಹಾ ಸಮಿತಿ. ಅದು ಮೂಲತಃ ವೈದ್ಯರಿಗೆ ಸಲಹೆ ಕೊಡಲು ಹುಟ್ಟಿದ ತಜ್ಞರ ಗುಂಪು. ಕಾನೂನುಗಳು ಒಂದೊಂದಾಗಿ ಅದರ ಶಿಫಾರಸಿಗೆ ಹಣದ ಬಲ ಕಟ್ಟಿದವು. ಅದು ವಯಸ್ಸಿನ ಗೆರೆ ಸರಿಸಿದರೆ ವಿಮೆಯ ಗೆರೆಯೂ ಸರಿಯುತ್ತದೆ. ಆರ್‌ಎಸ್‌ವಿ ಲಸಿಕೆಯನ್ನು 2023ರಲ್ಲಿ ಅರವತ್ತು ದಾಟಿದವರು ವೈದ್ಯರೊಡನೆ ಮಾತಾಡಿ ನಿರ್ಧರಿಸಲಿ ಎಂದಿದ್ದ ಸಮಿತಿ, 2024ರ ಜೂನ್‌ನಲ್ಲಿ ಎಪ್ಪತ್ತೈದು ದಾಟಿದ ಎಲ್ಲರಿಗೂ, ಅದಕ್ಕಿಂತ ಕೆಳಗಿನ ಅರವತ್ತರ ಮೇಲಿನವರಲ್ಲಿ ಹೆಚ್ಚಿನ ಅಪಾಯವಿರುವವರಿಗೆ ಎಂದು ಬದಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನ್ಯೂಮೊಕಾಕಸ್ ಲಸಿಕೆಯ ವಯಸ್ಸನ್ನು ಅರವತ್ತೈದರಿಂದ ಐವತ್ತಕ್ಕೆ ಇಳಿಸಿತು. 2025ರ ಜೂನ್‌ನಲ್ಲಿ ಆರೋಗ್ಯ ಕಾರ್ಯದರ್ಶಿ ಸಮಿತಿಯ ಹದಿನೇಳೂ ಸದಸ್ಯರನ್ನು ಒಮ್ಮೆಲೇ ತೆಗೆದುಹಾಕಿ ಹೊಸಬರನ್ನು ನೇಮಿಸಿದಾಗ ಕಳವಳ ಎದ್ದದ್ದು ಇದೇ ಕಾರಣಕ್ಕೆ. ಶಿಫಾರಸು ಹಿಂದೆಗೆದ ಲಸಿಕೆಯನ್ನು ಪುಕ್ಕಟೆ ಕೊಡುವ ಕಟ್ಟುಪಾಡು ವಿಮಾ ಕಂಪನಿಗಳಿಗೆ ಇರುವುದಿಲ್ಲ. ಫ್ಲೂ, ನ್ಯೂಮೊಕಾಕಸ್, ಕೋವಿಡ್ ಲಸಿಕೆಗಳು ಮಾತ್ರ ಪಾರ್ಟ್ ಬಿಯ ಕಾನೂನಿನಲ್ಲೇ ಹೆಸರಿಸಲ್ಪಟ್ಟಿರುವುದರಿಂದ ಅವುಗಳ ಬುನಾದಿ ಹೆಚ್ಚು ಭದ್ರ. ಒಂದೊಂದು ಲಸಿಕೆಗೂ ಒಂದೊಂದು ತಿದ್ದುಪಡಿ ಎಂಬ ಹಳೆಯ ಪದ್ಧತಿ ಇಲ್ಲಿ ಉಪಕಾರವನ್ನೇ ಮಾಡಿದೆ.

ಕರ್ನಾಟಕದ ಅನೇಕ ಮನೆಗಳಿಗೆ ಈ ನಿಯಮಗಳು ದೂರದ ಸುದ್ದಿಯಲ್ಲ. ಮಕ್ಕಳ ಬಳಿ ನೆಲೆಸಲು ಗ್ರೀನ್ ಕಾರ್ಡ್ ಪಡೆದು ಹೋದ ತಂದೆತಾಯಿಗೆ ಮೆಡಿಕೇರ್ ತಾನಾಗಿ ಸಿಗುವುದಿಲ್ಲ. ಅಲ್ಲಿ ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದ್ದರೆ ಪಾರ್ಟ್ ಎ ಪ್ರೀಮಿಯಂ ಇಲ್ಲದೆ ಬರುತ್ತದೆ. ಈ ದುಡಿಮೆ ಸ್ವಂತದ್ದು ಅಥವಾ ಬಾಳಸಂಗಾತಿಯದ್ದಾಗಿರಬೇಕು, ಮಗನದೋ ಮಗಳದೋ ಲೆಕ್ಕಕ್ಕೆ ಬಾರದು. ಉಳಿದವರು ಐದು ವರ್ಷ ಸತತವಾಗಿ ಅಲ್ಲಿ ವಾಸವಿದ್ದ ಮೇಲೆ ಹಣ ಕಟ್ಟಿ ಸೇರಬಹುದು. 2025ರಲ್ಲಿ ಪಾರ್ಟ್ ಬಿಯ ಸಾಮಾನ್ಯ ಮಾಸಿಕ ಪ್ರೀಮಿಯಂ 185 ಡಾಲರ್ ಇತ್ತು. ಪಾರ್ಟ್ ಎ ಕೊಳ್ಳುವವರಿಗೆ ಅದು ಆ ವರ್ಷ 518 ಡಾಲರ್‌ವರೆಗೂ ಹೋಗುತ್ತಿತ್ತು. ದುಬಾರಿಯಾದ ಎ ಬಿಟ್ಟು ಬಿಯನ್ನಷ್ಟೇ ಕೊಂಡವರೂ ಪಾರ್ಟ್ ಡಿಗೆ ಸೇರಬಹುದು ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಲಸಿಕೆಗಳ ಮಟ್ಟಿಗೆ ಅವೆರಡೇ ಸಾಕು. ಮೊದಲ ಐದು ವರ್ಷ ಅಫೋರ್ಡಬಲ್ ಕೇರ್ ಆ್ಯಕ್ಟ್‌ನ ಮಾರುಕಟ್ಟೆಯಲ್ಲಿ ಕೊಂಡ ಪಾಲಿಸಿಯಲ್ಲೂ ಶಿಫಾರಸಾದ ಲಸಿಕೆಗಳು ಜಾಲದೊಳಗೆ ಪುಕ್ಕಟೆಯೇ. ಒಂದು ವ್ಯತ್ಯಾಸವುಂಟು. ಊರಿಗೆ ಬಂದುಹೋಗುವ ಮುನ್ನ ಹಾಕಿಸಿಕೊಳ್ಳುವ ಟೈಫಾಯ್ಡ್‌ನಂಥ ಪ್ರವಾಸಿ ಲಸಿಕೆ ಪಾರ್ಟ್ ಡಿಯಲ್ಲಿ ಪುಕ್ಕಟೆ. ಖಾಸಗಿ ಪಾಲಿಸಿಗಳಿಗೆ ಆ ಕಡ್ಡಾಯವಿಲ್ಲ.

ಆರು ತಿಂಗಳ ಮಟ್ಟಿಗೆ ಮಗಳ, ಸೊಸೆಯ ಬಾಣಂತನಕ್ಕೆ ಹೋಗುವವರ ಸ್ಥಿತಿ ಇದಕ್ಕಿಂತ ಬಿಗಿ. ಪ್ರವಾಸಿಗಳಿಗೆ ಮಾರುವ ಅಲ್ಪಾವಧಿ ವಿಮೆ ಹೊಸ ಕಾಯಿಲೆ, ಅಪಘಾತಕ್ಕೆ ಮಾತ್ರ. ಲಸಿಕೆಗೆ ಸಾಮಾನ್ಯವಾಗಿ ಅದರಲ್ಲಿ ಜಾಗವಿಲ್ಲ. ಇತ್ತ ಭಾರತದಲ್ಲೂ ಬಹುಪಾಲು ಪಾಲಿಸಿಗಳು ಆಸ್ಪತ್ರೆವಾಸದ ಖರ್ಚಿಗೆ ಕಟ್ಟಿದವು. ಎಪ್ಪತ್ತು ದಾಟಿದ ಎಲ್ಲರಿಗೂ 2024ರ ಅಕ್ಟೋಬರ್‌ನಿಂದ ತೆರೆದ ಆಯುಷ್ಮಾನ್ ಭಾರತ್ ಸೌಲಭ್ಯ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಭರಿಸುವುದೂ ದಾಖಲಾದ ರೋಗಿಯ ಚಿಕಿತ್ಸೆಯನ್ನೇ. ಹೀಗಾಗಿ ಈ ಹಿರಿಯರು ಎರಡು ದೇಶದಲ್ಲೂ ಲಸಿಕೆಯನ್ನು ಸ್ವಂತ ಹಣದಲ್ಲೇ ಹಾಕಿಸಿಕೊಳ್ಳಬೇಕು. ಶಿಂಗ್ರಿಕ್ಸ್ 2023ರಿಂದ ಭಾರತದಲ್ಲೂ ಸಿಗುತ್ತಿದೆ. ಅದರ ಎರಡು ಡೋಸ್‌ಗಳ ನಡುವೆ ಎರಡರಿಂದ ಆರು ತಿಂಗಳ ಅಂತರ ಬೇಕಿರುವುದರಿಂದ, ಮೊದಲನೆಯದನ್ನು ಮೈಸೂರಿನಲ್ಲಿ ಹಾಕಿಸಿಕೊಂಡು ವಿಮಾನ ಹತ್ತಿದವರಿಗೆ ಎರಡನೆಯದರ ಬೆಲೆ ಅಮೆರಿಕದಲ್ಲಿ ಇನ್ನೂರು ಡಾಲರ್ ಮೀರುತ್ತದೆ. ಪ್ರಯಾಣದ ದಿನಾಂಕ ನೋಡಿ ಎರಡನ್ನೂ ಊರಿನಲ್ಲೇ ಮುಗಿಸಿಕೊಳ್ಳುವುದು ಲೇಸು.

ವಲಸೆ ವೀಸಾ ಪಡೆಯುವವರಿಗೆ ಲಸಿಕೆ ವೈದ್ಯಕೀಯ ತಪಾಸಣೆಯ ಅಂಗವೇ ಆಗಿದೆ. ಅರವತ್ತೈದು ದಾಟಿದವರಿಗೆ ನ್ಯೂಮೊಕಾಕಸ್, ಹಂಗಾಮಿನಲ್ಲಿದ್ದರೆ ಫ್ಲೂ, ಜೊತೆಗೆ ಧನುರ್ವಾಯು–ಡಿಫ್ತೀರಿಯಾ ಲಸಿಕೆ ಆಗಿರಬೇಕೆಂದು ನಿಯಮ ಹೇಳುತ್ತದೆ. ತಪಾಸಣೆಯಲ್ಲಿ ತುಂಬಿಕೊಡುವ ಲಸಿಕಾ ದಾಖಲೆಯ ಒಂದು ಪ್ರತಿಯನ್ನು ತೆಗೆದಿರಿಸಿಕೊಂಡು, ಅಮೆರಿಕ ತಲುಪಿದ ಮೇಲೆ ಮೊದಲ ವೈದ್ಯರಿಗೂ ಫಾರ್ಮಸಿಗೂ ತೋರಿಸಬೇಕು. ಯಾವ ಲಸಿಕೆ ಆಗಿದೆ, ಯಾವುದು ಉಳಿದಿದೆ ಎನ್ನುವುದು ಅದರಿಂದಲೇ ತಿಳಿಯುತ್ತದೆ. ಮುಂದೆ ಮೆಡಿಕೇರ್‌ಗೆ ಸೇರಿದ ಮೇಲೆ, ಉಳಿದದ್ದನ್ನು ಬಿಗೆ ಬರೆಯಬೇಕೋ ಡಿಗೆ ಬರೆಯಬೇಕೋ ಎಂಬುದನ್ನು ಫಾರ್ಮಸಿಯವರು ನೋಡಿಕೊಳ್ಳುತ್ತಾರೆ.